ಉಳಿದ ಅವಧಿಗೆ ಮಾತ್ರ

ಘಾಡಿಗಾಂವಕರ್ ಸತ್ತ ಹದಿಮೂರನೆಯ ದಿನ
ಚಾಳಿನ ನೀರು ಮಂಡಳಿಯ ಬೋರ್ಡಿಗೆ ಚೀಟಿ ಬಿತ್ತು:
ನಿರ್ದೇಶಕರ ಸ್ಥಾನ ಒಂದು, ತೆರವು.
ಅವಧಿ ಮೂರು ವರ್ಷ. ಅವನು ಸವೆಸಿದ್ದು ಇಪ್ಪತ್ತೆರಡು ತಿಂಗಳು.
ಉಳಿದ ಹದಿನಾಲ್ಕು
ಯಾರವೂ ಅಲ್ಲದೆ ಅಸಲ್ಫಾ ಗುಡ್ಡದ ಮೇಲೆ
ಒಣಹಾಕಿ ಮರೆತ ಅಂಗಿಯ ಹಾಗೆ ನೇತಾಡಿಕೊಂಡಿದ್ದವು.

ನಿಯಮ ಒಂಬತ್ತು: ತೆರವಾದ ಸ್ಥಾನವನ್ನು
ಅರವತ್ತು ದಿನದೊಳಗೆ ತುಂಬತಕ್ಕದ್ದು.
ಹಾಗೆ ಬಂದವರು ಉಳಿದ ಅವಧಿಗೆ ಮಾತ್ರ.
ಮರಾಠಿಯಲ್ಲಿ ಓದಿದರು.
ನಾನು ಒಳಗೊಳಗೇ ಕನ್ನಡಕ್ಕೆ ತಂದುಕೊಂಡೆ:
ಎದ್ದುಹೋದವರ ಎಲೆಗೆ ಕೂತು ಉಣ್ಣುವುದು.

ಕೈ ಎತ್ತಿದ್ದು ನಾನಲ್ಲ. ಪಕ್ಕದ ಫಿಲೋಮಿನಾ
ನನ್ನ ಮೊಣಕೈ ಹಿಡಿದು ಮೇಲಕ್ಕೆ ದೂಡಿದಳು.
"ಬಿರಾದಾರ ಬಾಯಿಗೆ ಲೆಕ್ಕ ಬರುತ್ತೆ, ನಿದ್ದೆ ಬರೋದಿಲ್ಲ."
ಅಷ್ಟೇ ನನ್ನ ಅರ್ಹತೆ.
ಸಭೆ ನಕ್ಕಿತು, ನಕ್ಕು ಬರೆದುಕೊಂಡಿತು.

ಅವನಿಗೆ ನಿಯಮ ಬಾಯಿಪಾಠ, ಬರೆದವನೇ ಅವನು.
ಸತತ ಮೂರು ಸಭೆಗೆ ಗೈರಾದರೆ ಸ್ಥಾನ ಹೋಯಿತು.
ಎರಡನ್ನು ರಾಜಾವಾಡಿ ಆಸ್ಪತ್ರೆಯ ಮಂಚದಲ್ಲಿ ಕಳೆದ.
ಮೂರನೆಯದಕ್ಕೆ ಬಂದ.
ಇಬ್ಬರು ಹುಡುಗರು ಕುರ್ಚಿ ಸಮೇತ ಹೊತ್ತು
ನೂರ ಎಂಬತ್ತು ಮೆಟ್ಟಿಲು ಹತ್ತಿಸಿದರು.
ಮುಂಗೈಗೆ ಸಲಾಯಿನ್ ಸೂಜಿಯ ಪಟ್ಟಿ ಹಾಗೇ ಇತ್ತು.
ಸಹಿ ಹಾಕಿದ, ಒಂದು ಲೋಟ ನೀರು ಕೇಳಿದ,
ಅದರಲ್ಲೂ ಅರ್ಧ ಕುಡಿದು ಅರ್ಧ ಉಳಿಸಿದ.
ಸ್ಥಾನ ತೆರವಾಗಲಿಲ್ಲ ಅವತ್ತು.
ಒಂಬತ್ತು ದಿನ ಬಿಟ್ಟು ಆಯಿತು.

ವಾಲ್ವಿನ ಕೀಲಿ ಮೊಳದುದ್ದ,
ಹಿಡಿಗೆ ಅವನೇ ಸುತ್ತಿದ ಸೈಕಲ್ ಟ್ಯೂಬು.
ವಹಿಯಲ್ಲಿ ಅವನ ಅಕ್ಷರ: ಮೇಲಿನ ಲೈನು,
ನಾಲ್ಕು ಹತ್ತರಿಂದ ನಲವತ್ತು ನಿಮಿಷ,
ಮುಚ್ಚಲು ಹನ್ನೊಂದು ಸುತ್ತು.

ಮೊದಲ ದಿನ ಪೈಪು ಕೆಮ್ಮಿತು, ಗಾಳಿ ಉಗುಳಿತು,
ಆಮೇಲೆ ಕೊಡಗಳೆಲ್ಲ ಒಂದೇ ಸಲ ಮಾತಾಡಿದವು.
ನಲವತ್ತಕ್ಕೆ ಸರಿಯಾಗಿ ಹನ್ನೊಂದು ಸುತ್ತು ಮುಚ್ಚಿದೆ.
ಮಧ್ಯಾಹ್ನ ತುದಿಮನೆಯ ಹೌಸಾಬಾಯಿ ಬಂದಳು.
ಬೈಯಲಿಲ್ಲ.
ತಳ ಕಾಣುವ ಹಂಡೆಯನ್ನು ನನ್ನ ಹೊಸ್ತಿಲಿಗಿಟ್ಟು
"ಅವನು ಅಷ್ಟು ಬಿಗಿ ಮಾಡುತ್ತಿರಲಿಲ್ಲ" ಅಂದಳು.

ಹತ್ತೂವರೆ.
ಬರೆದದ್ದು ಹನ್ನೊಂದು, ತಿರುಗಿಸಿದ್ದು ಹತ್ತೂವರೆ.
ಆ ಅರ್ಧ ಸುತ್ತಿನ ಸಂದಿಯಲ್ಲಿ ದಾರದಷ್ಟು ನೀರು
ಕತ್ತಲೆಯಲ್ಲೇ ಗುಡ್ಡ ಹತ್ತಿ
ಪಂಪು ನಿಲ್ಲುವ ತನಕ ಅವಳ ಹಂಡೆಗೆ ಬೀಳುತ್ತಿತ್ತು.
ಕೆಳಗಿನ ಲೈನಿನಲ್ಲಿ ಮನೆಗೊಂದು ತಂಬಿಗೆ ಕಡಿಮೆ.
ಅವರಿಗೆ ಗೊತ್ತಿರಲಿಲ್ಲವೋ
ಗೊತ್ತಿದ್ದೂ ಸುಮ್ಮನೆ ಕೊಡ ತಿಕ್ಕುತ್ತಿದ್ದರೋ.
ನಾನೂ ಕೆಳಗಿನ ಲೈನಿನವಳೇ.

ಹದಿನಾಲ್ಕು ತಿಂಗಳು ಹತ್ತೂವರೆಗೆ ಕೈ ನಿಲ್ಲಿಸಿದೆ.
ಯಾವ ಸಭೆಯಲ್ಲೂ ಅದು ವಿಷಯವಾಗಲಿಲ್ಲ,
ಯಾರೂ ಅನುಮೋದಿಸಲಿಲ್ಲ.
ಬೋರ್ಡಿನ ಮೇಲೆ ಪೇಂಟರು ಅವನ ಹೆಸರಿನ ಕೆಳಗೇ
ನನ್ನದನ್ನು ಸಣ್ಣಕ್ಷರದಲ್ಲಿ ತುರುಕಿದ್ದ,
ಗೆರೆ ಒಂದೇ, ಇಬ್ಬರಿಗೂ.

ನಿನ್ನೆಗೆ ಅವಧಿ ಮುಗಿಯಿತು.
ಗೆದ್ದು ಬಂದವನು ತನ್ಮಯ್ ಶೇಲಾರ್, ಡಿಪ್ಲೊಮಾ ಹುಡುಗ.
ಮೂರು ವರ್ಷ ಪೂರ್ತಿ ಅವನದೇ, ಯಾರ ಎಂಜಲೂ ಇಲ್ಲ.
ಚಾರ್ಜು ಕೊಡುವಾಗ ಪಟ್ಟಿ ಓದಿದೆ:
ಕೀಲಿ ಒಂದು. ವಹಿ ಎರಡು. ರಬ್ಬರ್ ಮೊಹರು ಒಂದು.
ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿ ಒಂದು.
"ಇಷ್ಟೇನಾ ಕಾಕೂ?"
ಇಷ್ಟೇ, ಅಂದೆ. ಸಹಿ ಮಾಡಿದ.

ಈಗ ನಾಲ್ಕು ಐವತ್ತು.
ಹುಡುಗ ಬಗ್ಗಿ, ಬಾಯಿಬಿಟ್ಟು ಎಣಿಸುತ್ತ ತಿರುಗಿಸುತ್ತಿದ್ದಾನೆ.
ಎಂಟು. ಒಂಬತ್ತು.
ಮೇಲೆ ಹೌಸಾಬಾಯಿಯ ದೀಪ ಹತ್ತಿದೆ.
ನಾನು ಕೆಳಗಿನ ಲೈನಿನ ಸಾಲಿನಲ್ಲಿ ಮೂರನೆಯವಳು,
ಕೊಡ ಸೊಂಟದಲ್ಲಿ, ಕಣ್ಣು ಅವನ ಮಣಿಕಟ್ಟಿನ ಮೇಲೆ.
ಹತ್ತು.